ಮಗ್ಗದ ಮಗ್ಗಲಿನ ಅಗಿ

ಯುಗಾದಿ ಮುಗದು ಹದಿನೈದು ದಿನ ಆಗಿರೂದಿಲ್ಲ,
ಗುಳೇದಗುಡ್ಡದ ಬಿಸಲು ಆಕಾಶದಿಂದ ಅಲ್ಲ,
ಕಲ್ಲಿನ ಬೆನ್ನಿಂದ ಏಳತೈತಿ.
ಹಿತ್ತಲದಾಗ ಬೀಜಾ ಹಾಕಿದರ
ಮೊಳಕಿ ಅಲ್ಲ, ಹುರಿಗಾಳು.
ಅದಕ್ಕ ಒಳಗ ಹಾಕತೀನಿ,
ಕುಣಿಮಗ್ಗದ ಮಗ್ಗಲಕ್ಕ,
ಎಳಿ ಹರೀಬಾರದಂತ ನೀರು ಚಿಮುಕಿಸಿ
ತಂಪು ಇಟ್ಟ ಕತ್ತಲಿಯೊಳಗ.

ನೂಲು ಸುತ್ತಿ ಬಂದ ರಟ್ಟಿನ ಕೋನು
ನಡುವ ಕೊಯ್ದು, ಬುಡಕ್ಕ ಕಾಗದ ತುರುಕಿ,
ಕೆಂಪು ಮಣ್ಣು, ಹಳೇ ಗೊಬ್ಬರ, ಹಿಡಿ ಉಸುಕು.
ಎಣಿಸಿದರ ನಲವತ್ತೆರಡು.
ಚಾಂದಬಿ ಅಂಗಡಿಯ ತತ್ತಿ ಟ್ರೇ ಎರಡು ಬ್ಯಾರೆ,
ಅವುಕ್ಕ ಟೊಮ್ಯಾಟೊ.

ಬದನಿ ಬೀಜ ಅತ್ತಿದು.
ಬೂದಿಯೊಳಗ ಹೊರಳಿಸಿ, ಖಣದ ತುಣುಕಿನ್ಯಾಗ ಗಂಟು ಕಟ್ಟಿ
ಗ್ವಾಡಿ ಗೂಟಕ್ಕ ಜೋತು ಬಿಟ್ಟಿದ್ದಳು ಗುರಸಿದ್ದವ್ವ.
ಗಂಟು ಬಿಚ್ಚಿದರ ಬೀಜಕ್ಕಿಂತ ಮೊದಲು
ಆನಿಹೆಜ್ಜಿಯ ಬುಟ್ಟಾ ಕಣ್ಣಿಗೆ ಬಿತ್ತು,
ನನ್ನ ಲಗ್ನದ ವರ್ಷ ನೇಯ್ದದ್ದು.
ಆ ಬಣ್ಣ ಈಗ ಯಾರೂ ಕೇಳೂದಿಲ್ಲ.

ಮಾಗುಂಡಪ್ಪ ಲಾಳಿ ನಿಲ್ಲಿಸಿ ಅಂದ,
‘ಮಗ್ಗದ ಮನಿಯೊಳಗ ಕಾಯಿಪಲ್ಯಾನೂ ನೇಯ್ತಿ ಏನ?’
‘ಹೂಂ, ಮೀಟರಿಗೆ ಎಷ್ಟು ಕೊಡತಿ ಹೇಳು.’

ಬದನಿ ಎಂಟನೇ ದಿನಕ್ಕ ಎದ್ದವು,
ಡೊಂಕು ಬೆನ್ನು, ತಲಿ ಮ್ಯಾಲ ಬೀಜದ ಟೊಪಗಿ.
ಮೆಣಸಿನಕಾಯಿ ಹದಿನಾಕು ದಿನ ಉಸುರು ಬಿಡಲಿಲ್ಲ.
ತಡೀಲಾರದ ಬೆರಳು ಹಾಕಿ ಕೆದರಿದೆ.
ಒಂದು ಬೀಜ ಅರ್ಧ ಬಾಯಿ ತೆರದಿತ್ತು.
ಮಂದಿ ಮನಿ ಬಾಗಿಲಾ ದೂಡಿ ನಾಚಿದವರಂಗ
ಹೊಳ್ಳಿ ಮುಚ್ಚಿದೆ.

ಜಾಗಾ ಸಾಲದ ಅರ್ಧ ಕೋನು ಅಡಗಿಮನ್ಯಾಗ ಇಟ್ಟಿದ್ದೆ.
ಎರಡೂ ಕಡೆ ಮಾಳಗಿಯ ಅಂಥದ್ದ ಬೆಳಕಿಂಡಿ,
ನೀರು ಒಂದ ಚರಗಿದು.
ಅಲ್ಲಿನವು ಎತ್ತರಕ್ಕ ಎತ್ತರ ಜಗ್ಗಿ,
ಬಿಳಿಚಿ, ಒಂದು ಮುಂಜಾನೆ ನೋಡಿದರ ಅಡ್ಡ ಮಲಗಿದ್ದವು.
ಮಗ್ಗದ ಹಂತೇಲಿದ್ದವು ಗಿಡ್ಡ, ದಪ್ಪ,
ಜಗಳಕ್ಕ ನಿಂತ ಹುಡುಗರಂಗ.
ಎರಡು ದಿನ ಕುಂತು ನೋಡಿದೆ.
ಹಣಗಿ ಬಡದಾಗೊಮ್ಮೆ ನೆಲ ಜುಂ ಅಂತೈತಿ,
ಎಲಿ ನಡಗತಾವ,
ನಡಗಿ ನಡಗಿ ಕಾಲು ಗಟ್ಟಿ ಮಾಡಕೋತಾವ.

ಮುಂದಿನ ವಾರ ನೂಲು ಬರಲಿಲ್ಲ.
ಸಾವಕಾರ್ರ ಮನಿಗೆ ಹೋದವ ಹೊಳ್ಳಿ ಬಂದು
ಕಟ್ಟಿ ಮ್ಯಾಲ ಕುಂತ, ಎಲಿ ಅಡಿಕಿ ಹಾಕಿದ, ಉಗುಳಿದ.
ಮನಿ ಇಷ್ಟು ಸುಮ್ಮನ ಇದ್ದದ್ದು ನಾ ಕೇಳಿರಲಿಲ್ಲ.
ಹಾಸು ಸವರಿದಂಗ ಅಂಗೈಯಿಂದ
ದಿನಾ ಎರಡು ಸಲ ಅಗಿ ಸವರತಿದ್ದೆ.
ಅಷ್ಟಕ್ಕ ಸಾಲತೈತೋ ಇಲ್ಲೋ.

ನಾಕನೇ ರಾತ್ರಿ, ಕರೆಂಟು ಹೋಗಿತ್ತು,
ಟಕ್ ಟಕ್ ಕೇಳಿ ಎಚ್ಚರಾತು.
ಚಿಮಣಿ ಹಿಡಕೊಂಡು ಹೋದರ
ಕುಣಿಯೊಳಗ ಇಳದು ಕುಂತಾನ.
ಲಾಳಿಯೊಳಗ ಕಂಡಿಕಿ ಇಲ್ಲ,
ಬರೇ ಹಣಗಿ ಬಡಿಯಾಕ ಹತ್ಯಾನ.
‘ಏನ ನೇಯಾಕ ಹತ್ತಿ?’
‘ಮಲಗು ಹೋಗ. ಅವುಕ್ಕ.’
ಅಗಿ ಕಡೆ ಗದ್ದ ತೋರಿಸಿದ.
ನಾ ಮಲಗಲಿಲ್ಲ. ಚಿಮಣಿ ಹಿಡಕೊಂಡು ನಿಂತೆ,
ನೆರಳೂ ನಡಗತಿದ್ದವು.

ನೂಲು ಒಂಬತ್ತನೇ ದಿನಕ್ಕ ಬಂತು. ಅದು ಬಿಡು.

ಹೊರಗ ಹಾಕಬೇಕಂದರ ಬಿಸಲು ರೂಢಿ ಆಗಬೇಕು.
ಮೊದಲ ದಿನ ಒಂದು ಕಪ್ಪು ಚಾ ಕುಡಿಯೂವಷ್ಟು,
ಮರುದಿನ ರೊಟ್ಟಿ ಬಡಿಯೂವಷ್ಟು,
ಮೂರನೇ ದಿನ ಮರತ ಬಿಟ್ಟೆ,
ಐದು ಸತ್ತವು. ಆ ಪಾಪ ನಂದು.
ರೋಹಿಣಿ ಎರಡು ಹನಿ ಉದುರಿಸಿದ ಸಂಜಿ
ಹಿತ್ತಲದಾಗ ತೆಗ್ಗು ತಗದು ಕೋನಿನ ಸಮೇತ ಇಳಿಸಿದೆ,
ರಟ್ಟು ಕೊಳೀತೈತಿ, ಬೇರು ದಾರಿ ಮಾಡಕೋತೈತಿ.
ಟ್ರೇ ಬಾಡಗಿ ಅಂತ ಚಾಂದಬಿಗೆ ಆರು ಅಗಿ.

ಕಡೀ ಕೋನಿಗೆ ಗುಲಾಬಿ ಎಳಿಯೊಂದು ಅಂಟಿಕೊಂಡಿತ್ತು,
ಮಣ್ಣಿಂದ ಗೇಣು ಹೊರಗ.
ಕತ್ತರಿ ತರಾಕ ಎದ್ದವಳು
ಇರಲಿ ಬಿಡು ಅಂತ ಕುಂತೆ.
ಮುಂಜಾನೆ ಗುಬ್ಬಿಯೊಂದು ಅದನ್ನ ಜಗ್ಗತಿತ್ತು,
ಕಾಲು ಊರಿ, ಕತ್ತು ಹಿಂದಕ್ಕ ಮಾಡಿ,
ಬದನಿ ಅಗಿ ಅಲಗ್ಯಾಡತಿತ್ತು,
ಕೀಳಲಿಲ್ಲ.